ಮಣ್ಣು ಪರೀಕ್ಷೆಯಾಯಿತು, ಮಕ್ಕಳ ರಕ್ತ ಪರೀಕ್ಷೆ ಯಾವಾಗ?



ಮಣ್ಣಿನಲ್ಲಿ ಪೋಷಕಾಂಶ ಎಷ್ಟಿದೆ ಎಂಬುದು ಒಂದು ಲೆಕ್ಕ, ಬೆಳೆ ಎಷ್ಟನ್ನು ಹೀರಿಕೊಂಡಿದೆ ಎಂಬುದು ಇನ್ನೊಂದು ಲೆಕ್ಕ. ದ್ರಾಕ್ಷಿ ಬೆಳೆಗಾರರು ಎಲೆಯ ತೊಟ್ಟನ್ನು ಪರೀಕ್ಷೆಗೆ ಕಳಿಸುವುದು ಇದಕ್ಕಾಗಿಯೇ. ಸೀಸದಂಥ ವಿಷಲೋಹದ ಮಾತೂ ಹೀಗೆಯೇ. ನೀರು, ಮಣ್ಣು, ಸೊಪ್ಪಿನ ಪರೀಕ್ಷೆಯಿಂದ ವಿಷ ಎಲ್ಲಿದೆ ಎಂದು ತಿಳಿಯುತ್ತದೆ. ಅದು ನಮ್ಮ ಮೈ ಸೇರಿದೆಯೇ ಎಂಬುದನ್ನು ಹೇಳಬೇಕಾದುದು ರಕ್ತ.

ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲದತ್ತ ಹರಿಯುತ್ತದೆ. ಅಂಥ ನೀರನ್ನೇ ನಂಬಿ ಬೇಸಾಯ ಮಾಡಿದವರು ಅನೇಕರು. ಬೇರೆ ನೀರಿಲ್ಲದವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಜಪಾನಿನ ಜಿಂಜು ನದಿ ಬಯಲಿನ ರೈತರ ಪಾಡನ್ನು ನಾವು ಮರೆಯಬಾರದು. ಗಣಿಯಿಂದ ಬಂದ ಕ್ಯಾಡ್ಮಿಯಂ ಬೆರೆತ ನೀರು ಗದ್ದೆಗೆ ಹರಿಯಿತು. ಆ ಅಕ್ಕಿಯನ್ನುಂಡವರ, ಅದರಲ್ಲೂ ಹೆಂಗಸರ, ಮೂತ್ರಪಿಂಡ ಕೆಟ್ಟು ಮೂಳೆಗಳು ಮುರಿದವು. ಅಲ್ಲಿನ ಸರಕಾರ ಕಾರಣವನ್ನು ಒಪ್ಪಿಕೊಂಡಿದ್ದು 1968ರಲ್ಲಿ. ಅಷ್ಟರಲ್ಲಿ ದಶಕಗಳೇ ಕಳೆದಿದ್ದವು.

ರಕ್ತದಲ್ಲಿನ ಸೀಸ ಬಹುಪಾಲು ಕೆಂಪು ಕಣಗಳಲ್ಲಿರುತ್ತದೆ. ಸುಮಾರು ಒಂದು ತಿಂಗಳಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಮೂಳೆಗೆ ಸೇರಿದ ಸೀಸ ಮಾತ್ರ ವರ್ಷಾನುಗಟ್ಟಲೆ ಉಳಿಯುತ್ತದೆ. ಆದ್ದರಿಂದ ರಕ್ತ ಪರೀಕ್ಷೆ ಹೆಚ್ಚಾಗಿ ಇತ್ತೀಚಿನ ಸಂಗತಿಯನ್ನು ಹೇಳುತ್ತದೆ. ಕ್ಯಾಡ್ಮಿಯಂ ಹಲವು ವರ್ಷ ಸೇರುತ್ತ ಬಂದಿದೆಯೇ ಎಂದು ತಿಳಿಯಲು ಮೂತ್ರ ಪರೀಕ್ಷೆಯೇ ಮೇಲು.

100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದರ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ಮಾಡಿದೆ. ಅದಕ್ಕಿಂತ ಕಡಿಮೆಯಿದ್ದರೆ ಅಪಾಯವೇ ಇಲ್ಲವೆಂದಲ್ಲ. ಸೀಸ ಮಕ್ಕಳ ಬುದ್ಧಿಶಕ್ತಿಯನ್ನು ಸದ್ದಿಲ್ಲದೆ ಕುಂದಿಸುತ್ತದೆ. ಕಬ್ಬಿಣಾಂಶ ಕೊರತೆಯ ಮಕ್ಕಳ ಮೈ ಸೀಸವನ್ನು ಇನ್ನೂ ಹೆಚ್ಚು ಹೀರುತ್ತದೆ. ಬೆರಳಿನಿಂದ ರಕ್ತ ತೆಗೆಯುವುದಾದರೆ ಮೊದಲು ಸಾಬೂನಿನಿಂದ ಕೈ ತೊಳೆಸಿರಿ. ಚರ್ಮಕ್ಕಂಟಿದ ಮಣ್ಣಿನ ಸೀಸವೇ ಲೆಕ್ಕಕ್ಕೆ ಬಂದೀತು. ಹೆಚ್ಚು ಕಂಡರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಖಚಿತಪಡಿಸಿಕೊಳ್ಳಬೇಕು.

"ವಿಷಯ ಹೊರಬಿದ್ದರೆ ನಮ್ಮ ತರಕಾರಿಯನ್ನು ಯಾರು ಕೊಳ್ಳುತ್ತಾರೆ?" ಎಂದು ನೀವು ಕೇಳಬಹುದು. ಈ ಭಯ ಸುಳ್ಳಲ್ಲ. ಆದರೆ ಆ ಸೊಪ್ಪನ್ನು ಮೊದಲು ಉಣ್ಣುವವರು, ಆ ಮಣ್ಣಿನಲ್ಲಿ ಆಡುವವರು ನಮ್ಮ ಮಕ್ಕಳೇ ಅಲ್ಲವೇ?

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳ ಪರೀಕ್ಷೆಯನ್ನು ಗೊತ್ತುಪಡಿಸಲಾಯಿತು. ಸೀಸವಾಗಲಿ ಕ್ಯಾಡ್ಮಿಯಂ ಆಗಲಿ ಅವುಗಳಲ್ಲಿಲ್ಲ. ಕೊಳಚೆ ನೀರಿನ ಬೇಸಾಯವಿರುವ, ಹಳೆಯ ಬ್ಯಾಟರಿ ಒಡೆಯುವ ಊರುಗಳಲ್ಲಾದರೂ ಇವನ್ನು ಸೇರಿಸಬೇಕು. ಜೊತೆಗೆ ಮಕ್ಕಳ, ಗರ್ಭಿಣಿಯರ ರಕ್ತ ಪರೀಕ್ಷೆಯೂ ಸರಕಾರದ ಖರ್ಚಿನಲ್ಲಿಯೇ ಆಗಬೇಕು. ನೀರು ಕೆಡಿಸಿದವನು ರೈತನಲ್ಲ. ಅದರ ವೆಚ್ಚವೂ ಅವನ ತಲೆಗೆ ಬೀಳಬಾರದು.

ಅಲ್ಲಿಯವರೆಗೆ ಅಂಥ ನೀರಿನಲ್ಲಿ ಸೊಪ್ಪು ಬೆಳೆಯುವುದನ್ನು ಬಿಟ್ಟು ಹೂವು, ಹಿಪ್ಪುನೇರಳೆಗಳ ಸಾಧ್ಯತೆಯನ್ನು ವಿಚಾರಿಸಿರಿ. ಹುಳಿ ಮಣ್ಣಿಗೆ ಶಿಫಾರಸಿನಂತೆ ಸುಣ್ಣ ಹಾಕಿರಿ. ಬೆಳೆ ಹೀರುವ ಲೋಹ ತಗ್ಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ರಕ್ತ ಪರೀಕ್ಷೆಯ ಬೇಡಿಕೆಯನ್ನು ಬರೆಸಿರಿ.