ಈರುಳ್ಳಿಯ ವಾಸನೆ: ಮಕ್ಕಳ ಕಾದಂಬರಿಯಲ್ಲಿ ಅಸಮಾನತೆಯ ಕಥನ

ಮಕ್ಕಳ ಕಾದಂಬರಿಯೊಂದನ್ನು ಅಧ್ಯಯನದ ಆಕರವಾಗಿ ಸೂಚಿಸಿದಾಗ ಹಿರಿಯರೊಬ್ಬರು 'ಅದರಲ್ಲಿ ಸಂಶೋಧನೆಗೇನಿದೆ?' ಎಂದು ನನ್ನನ್ನು ಕೇಳಿದ್ದರು. ಮಕ್ಕಳ ಸಾಹಿತ್ಯವೆಂದರೆ ನೀತಿಬೋಧೆ, ಇಲ್ಲವೇ ರಂಜನೆ ಎಂದು ಭಾವಿಸಿರುವ ನಮ್ಮ ವಿಮರ್ಶೆಯ ರೂಢಿಯೇ ಆ ಪ್ರಶ್ನೆಯ ಹಿಂದಿದೆ. ಇಟಲಿಯ ಜಾನ್ನಿ ರೊದಾರಿ (1920–1980) 1951ರಲ್ಲಿ ಪ್ರಕಟಿಸಿದ ಚಿಪೊಲ್ಲಿನೊ ಎಂಬ ಈರುಳ್ಳಿ ಹುಡುಗನ ಕಾದಂಬರಿ ಈ ರೂಢಿಗೆ ಒಗ್ಗುವಂಥದ್ದಲ್ಲ.

ಹಣ್ಣು-ತರಕಾರಿಗಳೇ ಪ್ರಜೆಗಳಾಗಿರುವ ಈ ರಾಜ್ಯದ ದೊರೆ ನಿಂಬೆ. ಆತ ಬಡವರ ಕೇರಿಗೆ ಬರುವ ದಿನ ಈರುಳ್ಳಿಗಳ ವಾಸನೆ ಅವನ ಮೂಗಿಗೆ ತಾಗದಂತೆ ಸುಗಂಧ ಸಿಂಪಡಿಸಲಾಗುತ್ತದೆ. ಜನರ ನೂಕಾಟದಲ್ಲಿ ದೊರೆಯ ಕಾಲು ತುಳಿದ ಮುದಿ ಈರುಳ್ಳಿಗೆ ಸೆರೆಮನೆ. ಅವನ ಮಗನೇ ಚಿಪೊಲ್ಲಿನೊ. ಜೀವಮಾನವಿಡೀ ಇಟ್ಟಿಗೆ ಕೂಡಿಟ್ಟು ಕುಂಬಳಕಾಯಿ ಮುದುಕ ಕಟ್ಟಿಕೊಂಡ ಪುಟ್ಟ ಗೂಡನ್ನು ಟೊಮೆಟೊ ಸರದಾರ ಕಸಿದುಕೊಳ್ಳುತ್ತಾನೆ. ಉಸಿರಾಡುವ ಗಾಳಿಗೂ ತೆರಿಗೆ ಬೀಳುತ್ತದೆ. ಮಕ್ಕಳು ಇದನ್ನು ಓದಿ ನಗುತ್ತಾರೆ. ಆದರೆ ಒಡೆತನವು ಎಲ್ಲಿಯವರೆಗೆ ಚಾಚಬಲ್ಲದು ಎಂಬುದು ಆ ನಗೆಯಲ್ಲೇ ಅವರಿಗೆ ಅರಿವಾಗುತ್ತದೆ. ಈರುಳ್ಳಿಯ ಕೂದಲನ್ನು ಕಿತ್ತ ಟೊಮೆಟೊ ತಾನೇ ಕಣ್ಣೀರಿಡುವ ಸನ್ನಿವೇಶವಂತೂ ಅಪೂರ್ವವಾದುದು. ಕೀಳೆಂದು ಹಳಿಸಿಕೊಂಡ ಘಾಟೇ ಇಲ್ಲಿ ಪ್ರತಿರೋಧದ ಶಕ್ತಿ.

ಕನ್ನಡದ ಓದುಗರಿಗೆ ಇಲ್ಲಿ ಕನಕದಾಸರ 'ರಾಮಧಾನ್ಯಚರಿತ್ರೆ' ನೆನಪಾಗುವುದು ಸಹಜ. ಪ್ರಭಾವದ ಮಾತು ಇದಲ್ಲ. ಎರಡೂ ಕೃತಿಗಳು ಆಹಾರದ ಮೂಲಕ ಮೇಲು-ಕೀಳನ್ನು ಪ್ರಶ್ನಿಸುತ್ತವೆ, ಅಷ್ಟೆ. ಆದರೆ ಅಂತರ ಮುಖ್ಯ. ಅಲ್ಲಿ ಅಕ್ಕಿ, ರಾಗಿಗಳೆರಡೂ ಆರು ತಿಂಗಳು ಸೆರೆಯಲ್ಲಿರುತ್ತವೆ. ತಾಳಿಕೊಂಡ ರಾಗಿಗೆ ರಾಮನಿಂದ ಮನ್ನಣೆ ದೊರೆಯುತ್ತದೆ. ರೊದಾರಿಯಲ್ಲಿ ಹಾಗೆ ಮನ್ನಣೆ ನೀಡಬಲ್ಲ ರಾಜನಿಲ್ಲ, ಏಕೆಂದರೆ ರಾಜನೇ ಆರೋಪಿ.

ಆದರೂ ಈ ಕಾದಂಬರಿಯ ಬಗ್ಗೆ ನನಗೊಂದು ತಕರಾರಿದೆ. ನಿಂಬೆಯಾಗಿ ಹುಟ್ಟಿದವನು ದಬ್ಬಾಳಿಕೆಗಾರ, ಈರುಳ್ಳಿಯಾಗಿ ಹುಟ್ಟಿದವನು ಸಜ್ಜನ ಎನ್ನುವಾಗ ಗುಣವು ಹುಟ್ಟಿಗೇ ಅಂಟಿಕೊಳ್ಳುತ್ತದೆ. ವರ್ಗವನ್ನು ಕುರಿತು ಬರೆದ ಲೇಖಕನಿಗೆ ಇದು ಕೇವಲ ಹಾಸ್ಯದ ತಂತ್ರವಾಗಿದ್ದಿರಬಹುದು. ಜಾತಿಯನ್ನು ಬಲ್ಲ ನಾವು ಅಷ್ಟು ನಿಶ್ಚಿಂತೆಯಿಂದ ಓದಲಾರೆವು. ಈ ತೊಡಕನ್ನು ಕೃತಿಯೇ ಒಂದೆಡೆ ಸಡಿಲಿಸುತ್ತದೆ: ಕೋಟೆಯ ಒಡತಿಯರ ಆಶ್ರಯದಲ್ಲಿ ಒಂಟಿಯಾಗಿ ಬೆಳೆದ ಚೆರ್ರಿ ಹುಡುಗ ತನ್ನ ಕುಲವನ್ನು ಮೀರಿ ಚಿಪೊಲ್ಲಿನೊನ ಗೆಳೆಯನಾಗುತ್ತಾನೆ. ಕೊನೆಗೆ ಆ ಕೋಟೆ ಮಕ್ಕಳ ಪಾಲಾಗುತ್ತದೆ; ಅಲ್ಲೊಂದು ಶಾಲೆಯೂ ತೆರೆಯುತ್ತದೆ.