ಕೊನೆಯ ಪುಟ

ರೋಚಕ ಕಾದಂಬರಿಯನ್ನು ಕೈಗೆತ್ತಿಕೊಂಡವನು ನಾಲ್ಕು ಅಧ್ಯಾಯ ಓದುವಷ್ಟರಲ್ಲಿ ಕೊನೆಯ ಪುಟವನ್ನು ತಿರುವಿ ನೋಡುವುದುಂಟು. ಕಳ್ಳನು ಯಾರೆಂದು ತಿಳಿದರೆ ಪುಸ್ತಕದ ಕೆಲಸ ಮುಗಿಯಿತೆಂಬುದು ಅವನ ಎಣಿಕೆ. ಕಥೆಯು ಮೊದಲಿನಿಂದ ಕೊನೆಯವರೆಗೆ ನೇರವಾಗಿ ಸಾಗುವಲ್ಲಿ ಈ ಎಣಿಕೆ ಒಂದಿಷ್ಟು ಸಲ್ಲಬಹುದು. ಹಲವು ಕಾಲಗಳಲ್ಲಿ ಹಿಂದೆ ಮುಂದೆ ಚಲಿಸುವ ಕಥೆಗೆ ಅದು ಎಳ್ಳಷ್ಟೂ ಸಲ್ಲದು.

ಇಂಗ್ಲೆಂಡಿನ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ 1868ರಲ್ಲಿ ಪ್ರಕಟವಾದ ಕಾದಂಬರಿ. ಅದು ಆರಂಭವಾಗುವುದು ಕನ್ನಡ ನಾಡಿನ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಕೋಟೆ ಬಿದ್ದ ದಿನ, ಆಂಗ್ಲ ಸೇನಾಧಿಕಾರಿಯೊಬ್ಬನು ಕಾವಲಿನವರನ್ನು ಕೊಂದು ಹಳದಿ ವಜ್ರವೊಂದನ್ನು ಅಪಹರಿಸಿದನೆಂಬುದು ಕಾಲಿನ್ಸ್‌ನ ಕಲ್ಪನೆ. ಮುಂದಿನ ಭಾಗದಲ್ಲಿ ಕಥೆಯು 1848ಕ್ಕೆ, ಯಾರ್ಕ್‌ಷೈರಿನ ಒಂದು ಮನೆಗೆ ಜಿಗಿಯುತ್ತದೆ. ಹದಿನೆಂಟನೆಯ ಹುಟ್ಟುಹಬ್ಬದಂದು ರೇಚೆಲ್ ಎಂಬ ತರುಣಿಗೆ ಕಾಣಿಕೆಯಾಗಿ ಬಂದ ಆ ವಜ್ರ ಅದೇ ರಾತ್ರಿ ಮಾಯವಾಗುತ್ತದೆ. ನಡೆದುದನ್ನು ಕಂಡವರು ಕೆಲಕಾಲದ ತರುವಾಯ ಒಬ್ಬರಾದ ಮೇಲೊಬ್ಬರು ತಂತಮ್ಮ ಹೇಳಿಕೆಯನ್ನು ಬರೆದಿಡುತ್ತಾರೆ. ಅವರಿಗೆ ಒಂದು ಕಟ್ಟಳೆಯುಂಟು: ಅಂದು ತಮಗೆ ತಿಳಿದಿದ್ದಷ್ಟನ್ನೇ ಹೇಳಬೇಕು, ಅನಂತರ ತಿಳಿದುದನ್ನು ಅದರೊಳಗೆ ಬೆರೆಸಕೂಡದು.

ಕಾದಂಬರಿಯ ಸತ್ವವೆಲ್ಲ ಈ ಕಟ್ಟಳೆಯಲ್ಲಿದೆ. ಆ ಮನೆಯ ಸೇವಕಿ ರೊಸಾನಾ ಹಿಂದೊಮ್ಮೆ ಕಳವು ಮಾಡಿ ಸೆರೆಮನೆಯನ್ನು ಕಂಡವಳು. ವಜ್ರ ಕಳೆದುಹೋದ ಮೇಲೆ ಆಕೆಯ ನಡತೆಯೂ ಬದಲಾಗುತ್ತದೆ. ಆಕೆಯ ವಿಷಯದಲ್ಲಿ ಮನೆಯ ಮುದಿ ಮೇಲ್ವಿಚಾರಕ ಬೆಟರೆಜ್‌ನಿಗೆ ಮರುಕವುಂಟು; ಓದುಗನಿಗಾದರೋ ಸಂಶಯವೇ ಹೆಚ್ಚು. ಒಮ್ಮೆ ಕದ್ದವಳು ಇನ್ನೊಮ್ಮೆ ಕದಿಯದೆ ಬಿಡುವಳೆ ಎಂದು ಅವನು ಒಳಗೊಳಗೇ ತೀರ್ಪು ಕೊಟ್ಟುಬಿಡುತ್ತಾನೆ. ಅಷ್ಟರಲ್ಲಿ ರೊಸಾನಾ ಸಾಯುತ್ತಾಳೆ. ಕಥೆಯಲ್ಲಿ ಸುಮಾರು ಒಂದು ವರ್ಷ ಕಳೆದು, ಓದುಗನು ಆಕೆಯನ್ನು ಬಹುಮಟ್ಟಿಗೆ ಮರೆತಿರುವಾಗ, ಆಕೆ ಬರೆದಿಟ್ಟಿದ್ದ ದೀರ್ಘವಾದ ಪತ್ರವೊಂದು ಹೊರಬರುತ್ತದೆ. ಆಕೆ ಬಚ್ಚಿಟ್ಟದ್ದು ವಜ್ರವನ್ನಲ್ಲ; ತಾನು ಮೌನವಾಗಿ ಪ್ರೀತಿಸಿದವನಿಗೆ ಕೇಡು ತರಬಹುದಾಗಿದ್ದ ಒಂದು ಸಾಕ್ಷ್ಯವನ್ನು. (ಆತನು ಯಾರು, ವಜ್ರದ ಗತಿ ಏನಾಯಿತು ಎಂಬುದನ್ನು ಇಲ್ಲಿ ಹೇಳಿಬಿಡುವುದು ಪುಸ್ತಕಕ್ಕೆ ಬಗೆಯುವ ದ್ರೋಹ.) ಸುಲಭವಾಗಿ ಆಕೆಯನ್ನು ಕಳ್ಳಿಯೆಂದು ನಿಶ್ಚಯಿಸಿದ್ದ ಓದುಗನಿಗೆ ಆಗ ತಲೆ ತಗ್ಗುತ್ತದೆ. ಕ್ಷಮೆ ಕೇಳೋಣವೆಂದರೆ ಆಕೆ ಇಲ್ಲ. ಕೊನೆಯ ಪುಟವನ್ನು ಮೊದಲೇ ನೋಡಿದವನಿಗೆ ಈ ನಾಚಿಕೆ ಲಭಿಸದು. ಅವನು ಆಕೆಯನ್ನು ಶಂಕಿಸಿಯೇ ಇರುವುದಿಲ್ಲ.

ಕಾಲವನ್ನು ತುಂಡರಿಸಿದ ಕಾದಂಬರಿಗಳೆಲ್ಲವೂ ಇಂಥವೆಂದು ಹೇಳುವಂತಿಲ್ಲ. ‘ಹತ್ತು ವರ್ಷಗಳ ಹಿಂದೆ’, ‘ಈಗ’ ಎಂಬ ತಲೆಬರಹಗಳನ್ನಿಟ್ಟು, ಹೇಳಬೇಕಾದುದನ್ನು ಬಚ್ಚಿಡುವುದಷ್ಟೇ ಉದ್ದೇಶವಾದ ಪುಸ್ತಕಗಳು ಇಂದು ಹೇರಳವಾಗಿವೆ. ಅಂಥವುಗಳ ಅಧ್ಯಾಯಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಒಂದು ಕ್ಷಣದ ಬೆರಗು ಹೋದೀತೇ ಹೊರತು ಬೇರೇನೂ ನಷ್ಟವಾಗದು. ರೊಸಾನಾಳ ಪತ್ರವನ್ನು ಅದು ಬರೆಯಲ್ಪಟ್ಟ ದಿನಕ್ಕೇ ಸೇರಿಸಿದರೆ ಕಾದಂಬರಿಯ ಬೆನ್ನೆಲುಬೇ ಮುರಿಯುತ್ತದೆ.

ಈ ಕಥೆಯ ಮೊದಲ ಓದುಗರಿಗೆ ಪುಟ ಹಾರಿಸುವ ಅವಕಾಶವೂ ಇರಲಿಲ್ಲ. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಅದು 1868ರ ಜನವರಿಯಿಂದ ಆಗಸ್ಟ್‌ವರೆಗೆ ಕಂತುಕಂತಾಗಿ ಬಂದಿತು. ರೊಸಾನಾಳ ಸಾವನ್ನು ಓದಿದವರು ಆಕೆಯ ಪತ್ರಕ್ಕಾಗಿ ವಾರಗಟ್ಟಲೆ ಕಾದರು. ಅಂಥದೊಂದು ಪತ್ರವಿದೆಯೆಂಬುದಲ್ಲದೆ ಅದರಲ್ಲಿ ಏನಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ.