‘ಚೆನ್ನಾಗಿದೆ’ ಎಂಬ ಉತ್ತರವನ್ನು ನಂಬಬಹುದೇ?

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಅದರ ಆ್ಯಪ್ ಕೂಡ ಸುದ್ದಿಯಾಯಿತು. ತಾಂತ್ರಿಕ ತೊಂದರೆ, ನೆಟ್‌ವರ್ಕ್ ಇಲ್ಲ ಎಂದು ಸಮೀಕ್ಷೆಗೆ ಹೋದ ಶಿಕ್ಷಕರು ದೂರಿದರು. ಇಂಥ ಹೊತ್ತಿನಲ್ಲಿ ಬೈಗುಳವೆಲ್ಲ ಸರ್ವರ್‌ಗೆ, ಇಲ್ಲವೇ ‘ಫೋನ್ ಬಳಸಲು ಬಾರದ’ ಮೇಷ್ಟ್ರಿಗೆ. ಸರ್ವರ್ ಸರಿಪಡಿಸಲು ಎಂಜಿನಿಯರ್‌ಗಳಿದ್ದಾರೆ. ಆದರೆ ಬಿಸಿಲಲ್ಲಿ, ಯಾರದೋ ಅಂಗಳದಲ್ಲಿ ನಿಂತು ಹತ್ತಾರು ಪ್ರಶ್ನೆಗಳಿಗೆ ಉತ್ತರ ತುಂಬುವವರಿಗೆ ಪರದೆ ಹೇಗಿರಬೇಕು? ಇದನ್ನು ಕಂಡುಕೊಳ್ಳಲು ಮಾನವ–ಕಂಪ್ಯೂಟರ್ ಸಂವಹನ, ಅಂದರೆ ಎಚ್‌ಸಿಐ ಎಂಬ ವಿದ್ಯೆಯೇ ಇದೆ.

ಕಂಪ್ಯೂಟರ್ ಸೈನ್ಸ್ ಓದುತ್ತಿರುವ ನನಗೆ ಕೋಡ್ ಬರೆಯಲು ಕಲಿಸಿದ್ದಾರೆ. ಅದನ್ನು ಬಳಸುವವರನ್ನು ಅಧ್ಯಯನ ಮಾಡುವುದನ್ನು ಕಲಿಸಿಲ್ಲ. ನಮ್ಮಲ್ಲಿ ಪ್ರಾಜೆಕ್ಟ್ ವರದಿಯ ಕೊನೆಗೆ ಒಂದು ಗೂಗಲ್ ಫಾರ್ಮ್, ಇಪ್ಪತ್ತು ಗೆಳೆಯರ ಉತ್ತರ, ಒಂದು ಪೈ ಚಾರ್ಟ್. ಅಲ್ಲಿಗೆ ‘ಬಳಕೆದಾರರ ಸಂಶೋಧನೆ’ ಮುಗಿಯಿತು.

ಈ ಪದ್ಧತಿ ಏಕೆ ಅಪಾಯಕಾರಿ ಎಂಬುದಕ್ಕೆ ಬೆಂಗಳೂರಿನಲ್ಲೇ ನಡೆದ ಅಧ್ಯಯನವೊಂದಿದೆ. ನಿಕೋಲಾ ಡೆಲ್ ಮತ್ತು ಸಂಗಡಿಗರು 450 ಸಂದರ್ಶನಗಳನ್ನು ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನರ ಮುಂದಿಟ್ಟ ಎರಡೂ ಒಂದೇ ಆಗಿದ್ದರೂ, ‘ಇದು ಪ್ರಶ್ನೆ ಕೇಳುತ್ತಿರುವವರೇ ಮಾಡಿದ್ದು’ ಎಂದು ನಂಬಿದ್ದನ್ನು ಮೆಚ್ಚುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಕೇಳಿದವರು ದುಭಾಷಿಯೊಂದಿಗೆ ಬಂದ ವಿದೇಶಿ ಸಂಶೋಧಕರಾದರೆ ಐದು ಪಟ್ಟು! ಬೇಕೆಂದೇ ಕಳಪೆ ಮಾಡಿ ತೋರಿಸಿದಾಗಲೂ ಜನ ಸಂದರ್ಶಕರದ್ದನ್ನೇ ಆರಿಸಿದರು. ನೆಂಟರ ಮನೆಯಲ್ಲಿ ‘ಉಪ್ಪಿಟ್ಟು ಹೇಗಿದೆ?’ ಎಂದರೆ ನಾವು ಕೊಡುವ ಉತ್ತರವೂ ಇದೇ ತಾನೆ.

ಹಾಗಾಗಿ ನನ್ನ ಮಟ್ಟಿಗೆ ಮೊದಲು ಕಲಿಯಬೇಕಾದದ್ದು ಅಭಿಪ್ರಾಯ ಕೇಳದಿರುವುದನ್ನು. ಆ್ಯಪ್ ಯಾರು ಮಾಡಿದ್ದೆಂದು ಹೇಳಬಾರದು. ‘ಈ ತಿಂಗಳ ಕರೆಂಟ್ ಬಿಲ್ ಕಟ್ಟಿ’ ಎಂಬಂಥ ಒಂದು ಕೆಲಸ ಕೊಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡಲು ಕೋರಿ, ಸುಮ್ಮನೆ ಕೂರಬೇಕು. ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್ 1982ರಲ್ಲೇ ವಿವರಿಸಿದ ವಿಧಾನವಿದು. ಸುಮ್ಮನೆ ಕೂರುವುದೇ ಕಷ್ಟ. ಎದುರಿನವರು ತಡವರಿಸಿದರೆ ‘ಅಲ್ಲಿ ಒತ್ತಿ ಅಂಕಲ್’ ಎಂದು ಕೈ ಮುಂದೆ ಹೋಗುತ್ತದೆ. ಇಂಥ ಪರೀಕ್ಷೆಗೆ ಐದು ಜನ ಸಾಕು ಎಂಬ ಯಾಕೋಬ್ ನೀಲ್ಸನ್ ಅವರ ಮಾತು ಪ್ರಸಿದ್ಧ, ವಿವಾದಿತವೂ ಹೌದು. ಆ ಐವರೂ ನಮ್ಮ ಹಾಸ್ಟೆಲ್‌ನವರೇ ಆದರೆ ಮೇಷ್ಟ್ರ ಕಷ್ಟ ಗೊತ್ತಾಗುವುದಿಲ್ಲ.

ಬಳಕೆದಾರರು ಯಾರು ಎಂಬುದೂ ನಮ್ಮಲ್ಲಿ ಸರಳ ಪ್ರಶ್ನೆಯಲ್ಲ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿ ನಡೆಯಿತು. ಪರದೆ ಆಪರೇಟರ್ ಮುಂದೆ. ಹಣ ಬರಬೇಕಾದದ್ದು ಎದುರು ನಿಂತ ಮಹಿಳೆಗೆ. ಆಧಾರ್‌ನಲ್ಲಿ ಹೆಸರು ಒಂದು ಥರ, ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ ಇದ್ದಾಗ ಪರದೆಯ ಸಂದೇಶವನ್ನು ಆಪರೇಟರ್ ಆಕೆಗೆ ಹೇಗೆ ತಿಳಿಸುತ್ತಾರೆ, ಆಕೆ ಏನೆಂದುಕೊಂಡು ಮನೆಗೆ ಹೋಗುತ್ತಾರೆ? ಒಪ್ಪಿಗೆ ಪಡೆದು, ನೋಟ್‌ಬುಕ್ ಹಿಡಿದು ಅಲ್ಲಿ ಅರ್ಧ ದಿನ ಕುಳಿತರೆ ಮಾತ್ರ ಇದು ಕಾಣುತ್ತದೆ.

ಉದ್ಯೋಗದ ದೃಷ್ಟಿಯಿಂದಲೂ ಇದು ಗಟ್ಟಿ ದಾರಿ. ಯುಎಕ್ಸ್ ರಿಸರ್ಚರ್ ಹುದ್ದೆಗೆ ಕೋಡಿಂಗ್‌ಗಿಂತ ಜನರ ಜೊತೆ ಮಾತಾಡುವ, ಗಮನಿಸುವ ಶಕ್ತಿ ಹೆಚ್ಚು ಬೇಕು. ಸಮಾಜಶಾಸ್ತ್ರ, ಮನಶ್ಶಾಸ್ತ್ರ ಓದಿದವರಿಗೂ ಜಾಗವಿದೆ. ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಬಯಸುವವರಿಗೆ ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆ ಇದೆ. ಬೆಂಗಳೂರಿನ ಐಐಎಸ್‌ಸಿಯ ಎಂ.ಡಿಸೈನ್ ಪ್ರವೇಶಕ್ಕೂ ಆ ಪರೀಕ್ಷೆಯ ಅಂಕ ಪರಿಗಣಿಸುತ್ತಾರೆ.